ಬೀಗ ಯಾರದು, ಬಿಟ್ಟಿ ಯಾರದು?

ಕಂಪ್ಯೂಟರಿಗೂ ಕೇರಿಗೂ ಏನು ಸಂಬಂಧ ಎಂದು ನಮ್ಮ ಸಭೆಗಳಲ್ಲಿ ಕೇಳುವವರು ಇನ್ನೂ ಇದ್ದಾರೆ. ಭೂಮಿ ಬೇಕು, ಕೂಲಿ ಬೇಕು, ಮಸಣಕ್ಕೆ ದಾರಿ ಬೇಕು, ಇದರ ಮಧ್ಯೆ ತಂತ್ರಾಂಶದ ಹಕ್ಕು ಅನ್ನುವ ಬೆಂಗಳೂರಿನವರ ಮಾತು ನಮಗೆ ಯಾಕೆ ಬುಡಿ ಅಂತಾರೆ. ಸಂಗಾತಿಗಳೆ, ಆ ಮಸಣ ಯಾವ ಸರ್ವೆ ನಂಬರಿನಲ್ಲಿದೆ ಎಂದು ಇವತ್ತು ಹೇಳುವುದು ಶಾನುಭೋಗರ ಕಡತವಲ್ಲ, ತಾಲ್ಲೂಕು ಕಚೇರಿಯ ಕಂಪ್ಯೂಟರು. ರೇಷನ್ ಕಾರ್ಡು ಉಳಿಯುತ್ತದೋ ಹೋಗುತ್ತದೋ ಹೇಳುವುದು ಕಂಪ್ಯೂಟರು. ಹಾಸ್ಟೆಲ್ ಹುಡುಗನ ವಿದ್ಯಾರ್ಥಿವೇತನ ಬಂತೋ ಇಲ್ಲವೋ ಹೇಳುವುದೂ ಅದೇ. ಮಾರ್ಕ್ಸ್ ಕಾರ್ಡಿನ ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ಒಂದಕ್ಷರ ಹೆಚ್ಚು ಕಡಿಮೆ ಇದ್ದರೆ ಸಾಕು, ಅರ್ಜಿ ನಿಂತಲ್ಲೇ ನಿಲ್ಲುತ್ತದೆ. ಯಾಕೆ ಸ್ವಾಮಿ ಅಂದರೆ, 'ಸಿಸ್ಟಮ್ ತಗೋತಿಲ್ಲ ಕಣಪ್ಪ' ಎಂಬ ಉತ್ತರ. ಈ ಸಿಸ್ಟಮ್ ಅಂದರೆ ಯಾರು? ಅವನ ಮನೆ ಎಲ್ಲಿ? ಅವನ ಮೇಲೆ ದೂರು ಕೊಡಬೇಕಾದರೆ ಯಾವ ಠಾಣೆಗೆ ಹೋಗಬೇಕು?

ಕಾಯ್ದೆಯಾದರೆ ಗೆಜೆಟ್ಟಿನಲ್ಲಿ ಅಚ್ಚಾಗುತ್ತದೆ. ಓದಬಹುದು, ಓದಿ ಪ್ರಶ್ನಿಸಬಹುದು, ಕೋರ್ಟಿಗೆ ಎಳೆಯಬಹುದು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಸುಡುವುದಕ್ಕೆ ಮೊದಲು ಅದರಲ್ಲಿ ಏನಿದೆ ಎಂದು ಓದಿದ್ದರು. ಆದರೆ ತಂತ್ರಾಂಶದ ಒಳಗೆ ಬರೆದಿಟ್ಟ ಕಟ್ಟಳೆಯನ್ನು ನಾವು ಓದುವಂತೆಯೇ ಇಲ್ಲ. ಓದಲು ಸಿಗದ ಶಾಸ್ತ್ರ ಸುಡುವುದಕ್ಕೂ ಸಿಗುವುದಿಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹುಯ್ಯಿ ಎಂದದ್ದು ಗೌತಮ ಧರ್ಮಸೂತ್ರ. ಇವತ್ತಿನವರಿಗೆ ಸೀಸ ಬೇಕಿಲ್ಲ, ಒಂದು ಲೈಸೆನ್ಸ್ ಪತ್ರ ಸಾಕು.

ತಂತ್ರಾಂಶ ಅನ್ನುವುದು ಮಾಯ ಮಂತ್ರವಲ್ಲ. ಇಂಥದ್ದಾದರೆ ಹೀಗೆ ಮಾಡು, ಆಗದಿದ್ದರೆ ಹಾಗೆ ಮಾಡು ಎಂದು ಮನುಷ್ಯರು ಕೂತು ಬರೆದ ಬರಹ. ಇದನ್ನು ಸೋರ್ಸ್ ಕೋಡ್ ಅಂತಾರೆ, ನಾವು ಒಳಬರಹ ಅನ್ನೋಣ. ಕಂಪನಿಗಳು ಒಳಬರಹವನ್ನು ಮುಚ್ಚಿಟ್ಟುಕೊಂಡು, ಯಂತ್ರಕ್ಕೆ ಮಾತ್ರ ತಿಳಿಯುವ ಅದರ ರೂಪವನ್ನು ನಮಗೆ ಮಾರುತ್ತವೆ. ಮಾರುತ್ತವೆ ಅನ್ನುವುದೂ ತಪ್ಪೇ. ಬಳಸಲು ಅಪ್ಪಣೆ ಕೊಡುತ್ತವೆ, ಅಷ್ಟೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬಾತ ಇದನ್ನು ಧಿಕ್ಕರಿಸಿ, ಯಾರು ಬೇಕಾದರೂ ಬಳಸಬಹುದಾದ, ಒಳಹೊಕ್ಕು ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಕಟ್ಟುತ್ತೇನೆಂದು ಹೊರಟ. 1989ರಲ್ಲಿ ಆತ ಬರೆದ ಜಿಪಿಎಲ್ ಎಂಬ ಲೈಸೆನ್ಸ್ ಒಂದು ಜಾಣತನದ ಹತಾರ. ಕೃತಿಸ್ವಾಮ್ಯದ ಕಾಯ್ದೆಯನ್ನೇ ತಿರುಗಿಸಿ ಹಿಡಿದು, ಇದನ್ನು ಹಂಚುವವನು ಒಳಬರಹವನ್ನೂ ಕೊಡಲೇಬೇಕು, ಮುಂದಿನವನ ಹಕ್ಕನ್ನು ಕಸಿಯಕೂಡದು ಎಂದು ಕಟ್ಟು ಹಾಕಿತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರುಮಾಡಿದ. 1998ರ ಹೊತ್ತಿಗೆ ಕಂಪನಿಯವರ ಕಿವಿಗೆ ಇಂಪಾಗಲಿ ಅಂತ ಇದಕ್ಕೆ ಓಪನ್ ಸೋರ್ಸ್ ಎಂಬ ಇನ್ನೊಂದು ಹೆಸರಿಟ್ಟರು. ಹೆಸರಿನ ಜಗಳ ಅವರಿಗಿರಲಿ. ನಮಗೆ ಬೇಕಾದದ್ದು ಓದುವ, ತಿದ್ದುವ, ಹಂಚುವ ಹಕ್ಕು.

ಈ ಬೀಗದ ಕತೆ ಕನ್ನಡದ ಅಕ್ಷರಕ್ಕೇ ನಡೆದಿದೆ. 1970ರ ದಶಕದಲ್ಲಿ ನಮ್ಮಂಥ ಪತ್ರಿಕೆಗಳು ಸೀಸದ ಮೊಳೆ ಜೋಡಿಸಿ ಅಚ್ಚಾಗುತ್ತಿದ್ದವು. ಮೊಳೆ ಜೋಡಿಸುವ ಹುಡುಗನಿಗೆ ಕೂಲಿ ಕಮ್ಮಿ, ಸೀಸದ ವಿಷ ಜಾಸ್ತಿ, ನಿಜ. ಆದರೆ ಒಮ್ಮೆ ಕೊಂಡ ಮೊಳೆ ಪ್ರೆಸ್ಸಿನದು. ಇದರಲ್ಲಿ ಯಾರ ವಿರುದ್ಧ ಏನು ಅಚ್ಚು ಹಾಕ್ತೀಯ ಅಂತ ಮೊಳೆ ಎರಕ ಹೊಯ್ದವನು ಕೇಳುತ್ತಿರಲಿಲ್ಲ. ಆಮೇಲೆ ಡಿಟಿಪಿ ಬಂತು. ಶ್ರೀಲಿಪಿ ಮುಂತಾದ ಅಕ್ಷರದ ತಂತ್ರಾಂಶಗಳು ದುಡ್ಡಿಗೆ ಬಂದವು, ಜೊತೆಗೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೀಗವೂ ಬಂತು. ಅಕ್ಷರಕ್ಕೆ ಬೀಗ ಅನ್ನುವುದು ನಮ್ಮ ಬಂಡಾಯದ ಕವಿಗಳ ರೂಪಕ ಎಂದು ತಿಳಿದಿದ್ದವರು ಅದನ್ನು ಕೈಯಲ್ಲೇ ಹಿಡಿದು ನೋಡಬಹುದಿತ್ತು.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು 'ಬರಹ' ತಂತ್ರಾಂಶವನ್ನು ಬಿಟ್ಟಿಯಾಗಿ ಕೊಟ್ಟಾಗ ಕನ್ನಡಿಗರು ಕುಣಿದಾಡಿದರು, ಕುಣಿಯಬೇಕಾದದ್ದೇ. ಮುಂದೊಂದು ದಿನ ಅದೇ ಬರಹ ದುಡ್ಡು ಕೊಟ್ಟು ಕೊಳ್ಳುವ ಸರಕಾಯಿತು. ಮಾಡಿದವರ ಶ್ರಮ ಅವರದು, ಬೆಲೆ ಕಟ್ಟುವುದು ಅವರ ಹಕ್ಕು. ಅದಕ್ಕೆ ನಾವು ಬೈಯುವುದಿಲ್ಲ. ಹೇಳುವುದಿಷ್ಟೆ: ಬಿಟ್ಟಿಯಾಗಿ ಸಿಕ್ಕಿದ್ದು ಮುಕ್ತವಾದದ್ದಲ್ಲ. ಒಡೆಯ ಹಬ್ಬದ ದಿನ ಹಿತ್ತಿಲ ಬಾಗಿಲಲ್ಲಿ ಕೊಟ್ಟ ಅನ್ನ ನಮ್ಮ ಹೊಲದ ಅನ್ನ ಆಗುವುದಿಲ್ಲ.

ಸರ್ಕಾರದ ಕತೆ ಇನ್ನೂ ಕೆಟ್ಟದ್ದು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ 'ನುಡಿ' ಕಚೇರಿ ಕಚೇರಿಗೆ ಹೊಕ್ಕಿತು. ಜನರ ತೆರಿಗೆಯ ದುಡ್ಡು, ಜನರ ಭಾಷೆ, ಆದರೆ ಒಳಬರಹ ಜನರ ಕೈಗೆ ಬರಲಿಲ್ಲ. ನಡೆಯುತ್ತಿದ್ದದ್ದು ವಿಂಡೋಸ್ ಯಂತ್ರದಲ್ಲಿ. ಆ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳ ಕಲಸುಮೇಲೋಗರ ಕಾಣುತ್ತದೆ. ವರ್ಷಗಟ್ಟಲೆ ಸರ್ಕಾರಿ ಆದೇಶ, ಪಠ್ಯ, ಪತ್ರಿಕೆ, ಪುಸ್ತಕ ಹೀಗೆ ಹೂತುಹೋದವು. ಪೂರ್ಣಚಂದ್ರ ತೇಜಸ್ವಿಯವರು ಬದುಕಿದ್ದಾಗಲೇ ಇದರ ಬಗ್ಗೆ ಜಗಳ ತೆಗೆದಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕುವೆಂಪು ಹೆಸರಿನ ಇನ್ನೊಂದು ತಂತ್ರಾಂಶ ಬರುವುದಕ್ಕೆ ಬೆನ್ನು ಹತ್ತಿದ್ದರು. ಹೂತದ್ದನ್ನು ಅಗೆದು ಯೂನಿಕೋಡಿಗೆ ತಿರುಗಿಸುವ ಸಾಧನಗಳನ್ನು ಬರೆದು ಹಂಚಿದವರಲ್ಲಿ ಸಂಬಳವಿಲ್ಲದ ಕನ್ನಡದ ಹುಡುಗರಿದ್ದರು. ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟುಗಳು ಇವತ್ತು ಉಬುಂಟುವಿನಲ್ಲಿ ಯಾರಿಗೂ ಕೈ ಮುಗಿಯದೆ ಸಿಗುತ್ತವೆ.

ಇದರೊಳಗೆ ಒಂದು ಮರ್ಯಾದೆಯ ಕತೆಯೂ ಉಂಟು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದ ಕೀಲಿಮಣೆ ವಿನ್ಯಾಸ ಕಿನ್ನಿಕಂಬಳದ ಕೆ.ಪಿ. ರಾಯರದು. ಅದರ ಮೇಲೆ ಹಕ್ಕು ಜಡಿದು ಕೂರದೆ ಲೋಕಕ್ಕೆ ಬಿಟ್ಟುಕೊಟ್ಟರು. ನಾವು ಈ ಪುಟ ಟೈಪು ಮಾಡುತ್ತಿರುವುದೂ ಅದರಲ್ಲೇ. ಹುಟ್ಟು ಯಾವುದೆಂದು ಕೇಳಿ ನಾವು ಗೌರವ ಕೊಡುವುದಿಲ್ಲ, ಮಾಡಿದ ಕೆಲಸ ನೋಡಿ ಕೊಡುತ್ತೇವೆ.

ಈಗ ಮಳವಳ್ಳಿ, ಮದ್ದೂರಿನ ಪೇಟೆಗೆ ಬನ್ನಿ. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ, ಜೆರಾಕ್ಸ್ ಅಂಗಡಿಗಳಲ್ಲಿ ಕೂತು ಮದುವೆ ಕರೆಯೋಲೆ, ಕ್ರಯಪತ್ರ, ನಮ್ಮ ಸಂಘಟನೆಯ ಕರಪತ್ರ ಟೈಪು ಮಾಡುವ ಹುಡುಗ ಹುಡುಗಿಯರು ಎಷ್ಟೋ ವರ್ಷ ಬಳಸಿದ್ದು ಯಾರೋ ತಂದುಕೊಟ್ಟ ಸಿಡಿಯ ಪೇಜ್‌ಮೇಕರ್. ಅಸಲಿ ಕೊಳ್ಳುವಷ್ಟು ದುಡ್ಡು ಅಂಗಡಿಯಲ್ಲೇ ಇರಲಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಏನು ಹೇಳುತ್ತದೆ ಗೊತ್ತೆ? ನಕಲಿ ಎಂದು ತಿಳಿದೂ ತಂತ್ರಾಂಶ ಬಳಸಿದವನಿಗೆ ಏಳು ದಿನಕ್ಕೆ ಕಮ್ಮಿಯಿಲ್ಲದ, ಮೂರು ವರ್ಷದವರೆಗಿನ ಜೈಲು. 50,000 ರೂಪಾಯಿಂದ ಎರಡು ಲಕ್ಷದವರೆಗೆ ದಂಡ. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ಜೈಲು ಬಿಟ್ಟು 50,000ದ ಒಳಗಿನ ದಂಡದಲ್ಲಿ ಮುಗಿಸಬಹುದು ಎಂಬ ಕನಿಕರವೂ ಅದರಲ್ಲಿದೆ. ಆದರೆ ಅಂಗಡಿಯ ಹುಡುಗ ವ್ಯಾಪಾರಕ್ಕೇ ಬಳಸುವವನು. ದೊಡ್ಡವರ ಕಾಯ್ದೆಯಲ್ಲಿ ಅವನು ಕಳ್ಳ.

ಅವನಿಗೆ ನಾವು ಹೇಳುವುದು, ಕಳ್ಳತನ ಮಾಡಬೇಡ ಅಂತಲ್ಲ. ಕದಿಯುವ ಅಗತ್ಯವೇ ಇಲ್ಲ ಕಣಪ್ಪ ಅಂತ. ಲಿಬ್ರೆಆಫೀಸ್ ಇದೆ. ಪುಟ ಕಟ್ಟುವುದಕ್ಕೆ ಸ್ಕ್ರೈಬಸ್ ಇದೆ, ಅದರ ಹೊಸ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಚಿತ್ರಕ್ಕೆ ಜಿಂಪ್ ಇದೆ. ಕಲಿಸುವವರು ಇಲ್ಲ ಅನ್ನುವುದೊಂದೇ ನಿಜವಾದ ಕೊರತೆ. ಆ ಕೊರತೆಯನ್ನು ಕೇರಳ ಶಾಲೆಯಲ್ಲೇ ತುಂಬಿಕೊಂಡಿತು. ಅಲ್ಲಿನ ಸರ್ಕಾರ 2000ರ ದಶಕದಲ್ಲೇ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು, ಮೇಷ್ಟ್ರುಗಳಿಗೆ ಕಲಿಸಿತು. ನಮ್ಮಲ್ಲೂ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ಹೆಸರಿನಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು ಉಬುಂಟು, ಜಿಯೋಜೀಬ್ರಾ ಕಲಿತರು. ತಾವೇ ಪಾಠ ಬರೆದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬಲ್ಲಿ ಹಂಚಿದರು. ಹಳ್ಳಿಯ ಮೇಷ್ಟ್ರು ಬರೀ ಪಠ್ಯ ಒಪ್ಪಿಸುವವನಲ್ಲ, ಪಠ್ಯ ಕಟ್ಟಬಲ್ಲ ಎಂದು ತೋರಿಸಿದ ಕೆಲಸ ಅದು.

ಈ ಮುಕ್ತ ಎಂಬ ಮಾತು ಮಂಡ್ಯದ ಮಣ್ಣಿಗೆ ಅಮೆರಿಕದಿಂದ ಬರಬೇಕಿರಲಿಲ್ಲ. ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ತೆಗೆದರು. ರಾಗಿ ಹೂವು ತನ್ನಲ್ಲೇ ಫಲ ಕಟ್ಟುವಂಥದು. ಒಮ್ಮೆ ಕೈಗೆ ಬಂದ ತಳಿಯ ಕಾಳನ್ನು ಮಡಕೆಯಲ್ಲಿಟ್ಟು ಮುಂದಿನ ಸಾಲಿಗೆ ಬಿತ್ತಬಹುದು, ಭಾವಮೈದುನನಿಗೆ ಒಂದು ಸೇರು ಕೊಡಬಹುದು. ಹಾಗೆಯೇ ಅದು ಸೀಮೆ ಸೀಮೆಗೆ ಹರಡಿತು. ಇಂಡಾಫ್ ತಿಂದು ಬೆಳೆದ ಹಟ್ಟಿಯ ಮಕ್ಕಳು ಲಕ್ಷ್ಮಣಯ್ಯನವರಿಗೆ ಕಾಸು ಕಟ್ಟಲಿಲ್ಲ. ಅದೇ ಫಾರಂನಿಂದ 1990ರ ದಶಕದಲ್ಲಿ ಕೆಆರ್‌ಎಚ್ ಹೈಬ್ರಿಡ್ ಭತ್ತ ಬಂತು. ಇಳುವರಿ ಹೌದು, ಆದರೆ ಹೈಬ್ರಿಡ್ಡಿನ ಕಾಳನ್ನು ಮರಳಿ ಬಿತ್ತಿದರೆ ಪೈರು ಒಂದೇ ಸಮ ಬರುವುದಿಲ್ಲ, ವರ್ಷ ವರ್ಷ ಬೀಜ ಕೊಳ್ಳಬೇಕು. ಒಂದು ಬೀಜದಲ್ಲಿ ಬೀಗವಿಲ್ಲ, ಇನ್ನೊಂದರಲ್ಲಿ ಹುಟ್ಟಿನಿಂದಲೇ ಬೀಗ. ಮಂಡ್ಯದವರಿಗೆ ತಂತ್ರಾಂಶ ವಿವರಿಸಲು ಇದಕ್ಕಿಂತ ಬೇರೆ ಪಾಠ ಬೇಕೆ?

ರೈತಸಂಘದವರು ಇದನ್ನು ಬೇಗ ಹಿಡಿದರು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದರು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತ ಬೀಜ ಉಳಿಸಿ, ಬಿತ್ತಿ, ಹಂಚಿ, ಬ್ರಾಂಡು ಹಾಕದೆ ಮಾರುವ ಹಕ್ಕು ಉಳಿದುಕೊಂಡಿತಾದರೆ ಅದರ ಹಿಂದೆ ಅಂಥ ಹೋರಾಟಗಳಿವೆ. ಇದನ್ನು ಒಪ್ಪುತ್ತಲೇ ಕೇಳುತ್ತೇವೆ: ಬೀಜ ನಮ್ಮದು ಅಂದಿರಿ ಗೌಡರೆ, ಬಿತ್ತುವ ಹೊಲ ಯಾರದು? ನಾಟಿ ಹಾಕುವ ಹೆಂಗಸಿಗೆ ಬೀಜದ ಹಕ್ಕು ತಗೊಂಡು ಏನಾಗಬೇಕು? ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಮುಕ್ತ ತಂತ್ರಾಂಶದ ಗೆಳೆಯರ ಮನೆಗೂ ಹೋಗಬೇಕಾಗಿದೆ.

ಅದಕ್ಕೆ ಮುಂಚೆ ಪುಸ್ತಕದ ಕಾಯ್ದೆ ಬಗ್ಗೆ ಎರಡು ಮಾತು, ಮೇಷ್ಟ್ರುಗಳಿಗೆ ಉಪಯೋಗವಾಗುವಂಥದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ಪ್ರಕಾಶನಗಳು 2012ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿದವು, ಪಾಠದ ಪುಟಗಳನ್ನು ಹೊಲಿದು ಕೊಡುತ್ತಾನೆ ಅಂತ. 2016ರಲ್ಲಿ ದೆಹಲಿ ಹೈಕೋರ್ಟು ಅಂಗಡಿಯವನ ಕಡೆ ನಿಂತಿತು. ಕೃತಿಸ್ವಾಮ್ಯ ದೇವರು ಕೊಟ್ಟ ಹಕ್ಕೇನಲ್ಲ, ಪಾಠ ಹೇಳುವುದಕ್ಕಾಗಿ ನಕಲು ತೆಗೆದರೆ ಅದು ಅಪರಾಧವಲ್ಲ ಎಂಬುದು ಅದರ ತಾತ್ಪರ್ಯ. 2017ರಲ್ಲಿ ಸುಪ್ರೀಂ ಕೋರ್ಟೂ ಆ ತೀರ್ಪನ್ನು ಕೆದಕಲಿಲ್ಲ. ಹಾಗಾಗಿ ಮೇಷ್ಟ್ರೇ, ತರಗತಿಗೆ ಬೇಕಾದ ಪುಟ ಜೆರಾಕ್ಸ್ ಮಾಡಿಸುವಾಗ ಕೈ ನಡುಗಬೇಕಿಲ್ಲ.

ಆದರೆ ನೋಡಿ: ಲೇಖಕ ಸತ್ತು 60 ವರ್ಷ ಹಕ್ಕು ಉಳಿಯುತ್ತದೆ ಎನ್ನುವುದು ನಮ್ಮ ದೇಶದ ಲೆಕ್ಕ. ಬಾಬಾಸಾಹೇಬರು ತಮ್ಮ ಖರ್ಚಿನಲ್ಲೇ 1936ರಲ್ಲಿ ಅಚ್ಚು ಹಾಕಿಸಿದ ಜಾತಿ ವಿನಾಶದ ಭಾಷಣ 2017ರ ಜನವರಿ 1ರಿಂದ ಎಲ್ಲರ ಸ್ವತ್ತಾಯಿತು. ಅವರು ಹಸ್ತಪ್ರತಿಯಲ್ಲೇ ಬಿಟ್ಟುಹೋದ, 1987ರಲ್ಲಿ ಮಹಾರಾಷ್ಟ್ರ ಸರ್ಕಾರ ಮೊದಲು ಅಚ್ಚು ಹಾಕಿದ ಹಿಂದೂ ಧರ್ಮದ ಒಗಟುಗಳಿಗೆ ಲೆಕ್ಕ ಬೇರೆ; ಮರಣಾನಂತರ ಪ್ರಕಟವಾದದ್ದಕ್ಕೆ ಪ್ರಕಟಣೆಯಿಂದ 60 ವರ್ಷ. ಅಂದರೆ 2047ರ ಕೊನೆಯವರೆಗೆ. ಪುಸ್ತಕವನ್ನು ಸುಡಲು 1988ರಲ್ಲಿ ಯಾರೂ ಅಪ್ಪಣೆ ಕೇಳಲಿಲ್ಲ, ಅಚ್ಚು ಹಾಕಲು ಮಾತ್ರ ಇನ್ನೂ ಅಪ್ಪಣೆ ಬೇಕು.

ಪೇಟೆಂಟಿನ ವಿಷಯದಲ್ಲಿ ಸದ್ಯ ಒಂದು ಗೋಡೆ ನಿಂತಿದೆ. ಪೇಟೆಂಟ್ ಕಾಯ್ದೆಯ 3(ಕೆ) ಕಲಂ, ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ, ಗಣಿತದ ಸೂತ್ರಕ್ಕೆ ಪೇಟೆಂಟಿಲ್ಲ ಎನ್ನುತ್ತದೆ. 2004ರ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆ ತಂದು ಅದನ್ನು ಸಡಿಲಿಸಲು ನೋಡಿದರು. 2005ರಲ್ಲಿ ಸಂಸತ್ತಿನಲ್ಲಿ ಅದು ನಿಲ್ಲಲಿಲ್ಲ. 2015ರಲ್ಲಿ ಪೇಟೆಂಟ್ ಕಚೇರಿಯ ಮಾರ್ಗಸೂಚಿ ಹಿಂಬಾಗಿಲಿಂದ ಬಂತು, ಗಲಾಟೆಯಾದ ಮೇಲೆ ಅದೇ ಡಿಸೆಂಬರಿನಲ್ಲಿ ತಡೆಹಿಡಿದರು. ಗೋಡೆಗೆ ಕನ್ನ ಕೊರೆಯುವವರು ಮಲಗಿಲ್ಲ ಅಂತ ತಿಳಿದಿದ್ದರೆ ಸಾಕು.

ಈಗ ಮುಕ್ತ ತಂತ್ರಾಂಶದ ಗೆಳೆಯರ ಮನೆ. ನಿಮ್ಮ ಬಾಗಿಲು ತೆರೆದಿದೆ ಸರಿ, ಒಳಗೆ ಕೂತಿರುವವರು ಯಾರು? ನೀವು ಹೇಳುತ್ತೀರಿ: ಇಲ್ಲಿ ಜಾತಿಯಿಲ್ಲ, ಕೋಡ್ ನೋಡುತ್ತೇವೆ ಅಷ್ಟೆ; ಯಾರು ಬೇಕಾದರೂ ಬಂದು ಕೊಡುಗೆ ಕೊಡಬಹುದು; ಇದು ಪ್ರೀತಿಯ ಕೆಲಸ, ಸಂಬಳ ಕೇಳುವುದಿಲ್ಲ. ಈ 'ಸಂಬಳವಿಲ್ಲದ ಪ್ರೀತಿಯ ಕೆಲಸ' ಎಂಬ ಮಾತು ನಮ್ಮ ಕಿವಿಗೆ ಬಿದ್ದಾಗ ಬೇರೆಯದೇ ಸದ್ದು ಮಾಡುತ್ತದೆ. ನಮ್ಮ ತಾತಂದಿರು ತೋಟಿ, ತಳವಾರ, ಕುಳವಾಡಿಗಳಾಗಿ ಊರಿಗೆ ಬಿಟ್ಟಿ ಚಾಕರಿ ಮಾಡಿದವರು. ಡಂಗುರ ಹೊಡೆದರು, ಸತ್ತ ಸುದ್ದಿ ಹೊತ್ತರು, ಸತ್ತ ದನ ಹೊತ್ತರು. ಅದನ್ನೂ ಧರ್ಮದ ಕೆಲಸ, ಊರಿನ ಸೇವೆ ಅಂತಲೇ ಕರೆಯುತ್ತಿದ್ದರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬೇಕಾಯಿತು, ಜೀತಕ್ಕೆ 1976ರ ಕಾಯ್ದೆ ಬೇಕಾಯಿತು, ಅದಕ್ಕಿಂತ ಮುಖ್ಯವಾಗಿ ಚಳವಳಿ ಬೇಕಾಯಿತು. ಇಂಥ ಮನೆಯಿಂದ ಮೊದಲ ಸಲ ಡಿಗ್ರಿ ಮುಗಿಸಿದ ಹುಡುಗಿಗೆ, ಬಾ ತಾಯಿ ಒಂದೆರಡು ವರ್ಷ ಬಿಟ್ಟಿಯಾಗಿ ಕೋಡ್ ಬರಿ, ಆಮೇಲೆ ಯಾರಾದರೂ ನೋಡಿ ಕೆಲಸ ಕೊಡ್ತಾರೆ ಅಂದರೆ ಅವಳ ಅವ್ವ ಏನನ್ನಬೇಕು? 'ಅಲ್ಲ ಕನವ್ವ, ಅಷ್ಟು ದಿಸ ಮನೆ ಯಾರು ನೋಡ್ಕಂಡಾರು?' ಅವ್ವನ ಪ್ರಶ್ನೆಯಲ್ಲಿ ಅಜ್ಞಾನವಿಲ್ಲ, ಅರ್ಥಶಾಸ್ತ್ರವಿದೆ.

ಬಿಡುವು ಅನ್ನುವುದೂ ಆಸ್ತಿಯೇ. ರಾತ್ರಿ ಒಂಬತ್ತಕ್ಕೆ ಉಂಡು ಲ್ಯಾಪ್‌ಟಾಪ್ ತೆರೆದು ಲೋಕಕ್ಕಾಗಿ ಬರೆಯುವವನ ಹಿಂದೆ ಅಪ್ಪನ ಸಂಬಳ, ಸ್ವಂತ ಕೋಣೆ, ಇಂಗ್ಲಿಷ್, ಎಡೆಬಿಡದ ಕರೆಂಟು ಇರುತ್ತವೆ. ಗಿಟ್‌ಹಬ್ಬಿನಲ್ಲಿ ಏನು ಮಾಡಿದ್ದೀಯ ತೋರಿಸು ಎಂದು ಸಂದರ್ಶನದಲ್ಲಿ ಕೇಳುವುದು ಈ ಆಸ್ತಿಯ ಪಹಣಿ ಕೇಳಿದ ಹಾಗೆ. ಇನ್ನು ಬಿಟ್ಟಿ ದುಡಿದವರ ಗತಿ? ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವನ್ನು ಜಗತ್ತಿನ ಬ್ಯಾಂಕು, ಅಂಗಡಿ, ಕಂಪನಿಗಳೆಲ್ಲ ಗುಟ್ಟು ಕಾಯಲು ಬಳಸುತ್ತಿದ್ದವು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ತೂತು ಅದರಲ್ಲಿ ಕಂಡಾಗಲೇ ಲೋಕಕ್ಕೆ ತಿಳಿದದ್ದು: ಅದನ್ನು ಕಾಯುತ್ತಿದ್ದವರು ಬೆರಳೆಣಿಕೆಯ ಜನ, ಅವರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ಎರಡು ಸಾವಿರ ಡಾಲರು. ಶತಕೋಟಿ ಗಳಿಸುವ ಕಂಪನಿಗಳು ಅದನ್ನು ಬಿಟ್ಟಿ ಉಂಡು ಕೈ ತೊಳೆದಿದ್ದವು. ಮುಕ್ತ ಎಂಬ ಮಾತಿಗೆ ಕೂಲಿ ಎಂಬ ಮಾತು ಜೊತೆಯಾಗದಿದ್ದರೆ ಮುಕ್ತವೂ ಒಡೆಯರ ಕಣಜಕ್ಕೇ ತುಂಬುತ್ತದೆ.

ಹಾಗಂತ ಬಾಗಿಲು ಮುಚ್ಚಿ ಅನ್ನುತ್ತಿಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ಕಡೆಯ ಗುರಪ್ಪನಪಾಳ್ಯದಲ್ಲಿ ಸುದರ್ಶನ ಲೇಔಟ್ ಎಂಬ ಕೊಳೆಗೇರಿಯಿದೆ. ಅಲ್ಲಿನ ಹುಡುಗರು ಮುಕ್ತ ತಂತ್ರಾಂಶದ ಸ್ವಯಂಸೇವಕರ ಜೊತೆ ಸೇರಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ಕಟ್ಟಿದರು. ಐಟಿ ಕಂಪನಿಗಳ ನೆರಳಿನಲ್ಲೇ ಇದ್ದು ಕಂಪ್ಯೂಟರ್ ಮುಟ್ಟದಿದ್ದ ಮಕ್ಕಳು ಜಿಂಪ್‌ನಲ್ಲಿ ಚಿತ್ರ ಬರೆದರು, ದೊಡ್ಡವರಾದವರು ಚಿಕ್ಕವರಿಗೆ ಕಲಿಸಿದರು. ಅಂಥದೊಂದು ಮಂಡ್ಯದ ಗುತ್ತಲಿನಲ್ಲೋ ಮಳವಳ್ಳಿಯ ಹಟ್ಟಿಯ ಸಮುದಾಯ ಭವನದಲ್ಲೋ ಯಾಕಾಗಬಾರದು? ಸಮುದಾಯ ಭವನಗಳೇನೋ ಇವೆ, ಎಷ್ಟೋ ಕಡೆ ಬೀಗದ ಕೈ ಮಾತ್ರ ಪಂಚಾಯಿತಿ ಮೆಂಬರರ ಜೇಬಿನಲ್ಲಿದೆ. ಇದೂ ಒಂದು ಬೀಗವೇ.

ಕನ್ನಡ ಬಂದರೆ ಸಾಕೇ, ಇಂಗ್ಲಿಷ್ ಬೇಡವೇ ಎಂದು ಕೇಳುವವರಿಗೆ: ಎರಡೂ ಬೇಕು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂದದ್ದಕ್ಕೆ ಬೀದಿಗಿಳಿದವರ ಮಕ್ಕಳು ಇವತ್ತು ಎಲ್ಲಿ, ಯಾವ ಭಾಷೆಯಲ್ಲಿ ಓದಿ ಎಲ್ಲಿದ್ದಾರೆ ಎಂದು ನಾವು ಹುಡುಕಲು ಹೋಗುವುದಿಲ್ಲ.

ಕೆಲಸದ ಮಾತಿಗೆ ಬರೋಣ. ನಮ್ಮ ಸೀಮೆ ಬೆಂಗಳೂರಿಗೆ ಕೊಟ್ಟದ್ದೆಷ್ಟು! 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ನಮ್ಮ ಹಳ್ಳಿಗಳ ತಲೆಯ ಮೇಲೆ ಹಾದು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರಿಂದಲೂ ಬೆಂಗಳೂರಿಗೆ ಏರುತ್ತಿದೆ. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. 2023ರ ಮಾರ್ಚಿನಲ್ಲಿ ಮದ್ದೂರಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ ಹೆದ್ದಾರಿಯ ಮುಖ್ಯ ಪಥಕ್ಕೆ ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಹೊಲ ಕೊಟ್ಟವನ ಗಾಡಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ.

ನಮ್ಮ ಹುಡುಗರೂ ಐಟಿ ಪಾರ್ಕಿಗೆ ಹೋಗುತ್ತಾರೆ. ಸೆಕ್ಯೂರಿಟಿ ಬಟ್ಟೆ ತೊಟ್ಟು ಗೇಟಿನಲ್ಲಿ ನಿಲ್ಲುತ್ತಾರೆ, ಕ್ಯಾಬ್ ಓಡಿಸುತ್ತಾರೆ, ನೆಲ ಒರೆಸುತ್ತಾರೆ. ಮಂಡ್ಯದಲ್ಲಿ 1962ರಿಂದಲೂ ಎಂಜಿನಿಯರಿಂಗ್ ಕಾಲೇಜಿದೆ, ಮೀಸಲಾತಿಯಿಂದ ಓದಿ ಬಂದವರೂ ಇದ್ದಾರೆ. ಆದರೆ ಖಾಸಗಿ ಕಂಪನಿಯ ಬಾಗಿಲಲ್ಲಿ ಮೀಸಲಾತಿ ನಿಲ್ಲುತ್ತದೆ, 'ಮೆರಿಟ್' ಕೂರುತ್ತದೆ. ಈ ಮೆರಿಟ್ಟಿನ ಮುಖ ನೋಡಬೇಕೆ? ಸುಖದೇವ್ ಥೋರಟ್, ಪಾಲ್ ಅಟ್‌ವೆಲ್ ಎಂಬ ವಿದ್ವಾಂಸರು 548 ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಹಾಕಿ ನೋಡಿದರು. ಓದು ಒಂದೇ ಸಮ, ಹೆಸರು ಮಾತ್ರ ಬೇರೆ. 2007ರಲ್ಲಿ ಪ್ರಕಟವಾದ ಫಲಿತಾಂಶ: ಮೇಲ್ಜಾತಿ ಹೆಸರಿಗೆ ಕರೆ ಬರುವ ಸಾಧ್ಯತೆಯ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ದಲಿತ ಹೆಸರಿಗೆ, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ ಕಂಪನಿಯವರು ತಾವೇ ಒಪ್ಪಿಕೊಂಡರು, ಸಂದರ್ಶನದಲ್ಲಿ ಮನೆತನದ ಹಿನ್ನೆಲೆ ಕೇಳುತ್ತೇವೆ ಅಂತ. ಕೋಡ್ ಬರೆಯುವುದಕ್ಕೂ ಅಪ್ಪ ಏನು ಮಾಡುತ್ತಿದ್ದಾನೆ ಎನ್ನುವುದಕ್ಕೂ ಯಾವ ಗಂಟು?

ಕಡಲು ದಾಟಿದರೂ ಬಿಡಲಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆ ಸಿಸ್ಕೋ ಕಂಪನಿಯ ಮೇಲೆ ಜಾತಿ ತಾರತಮ್ಯದ ದಾವೆ ಹೂಡಿತು. 2023ರಲ್ಲಿ ಇಬ್ಬರು ಎಂಜಿನಿಯರುಗಳ ಮೇಲಿನ ಆರೋಪವನ್ನು ಕೈಬಿಟ್ಟಿತು, ಕಂಪನಿಯ ಮೇಲಿನದನ್ನು ಬಿಡಲಿಲ್ಲ. ಅದೇ ವರ್ಷ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು, ಕ್ಯಾಲಿಫೋರ್ನಿಯಾದ ಮಸೂದೆಯನ್ನು ಮಾತ್ರ ಅಲ್ಲಿನ ಗವರ್ನರ್ ತಳ್ಳಿಹಾಕಿದ. ನಮ್ಮ ಸರ್ಕಾರದ ಧೈರ್ಯ ಇನ್ನೂ ಚೆಂದ. 2024ರ ಜುಲೈನಲ್ಲಿ ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಕಂಪನಿಯವರು ಕಣ್ಣು ಕೆಂಪಗೆ ಮಾಡಿದರು, ಒಂದು ವಾರ ತುಂಬುವ ಮೊದಲೇ ಮಸೂದೆ ಮೂಲೆ ಸೇರಿತು. ಸ್ಥಳೀಯ ಅಂದರೆ ಯಾವ ಕೇರಿಯವನು ಎಂದು ಕೇಳುವ ಅವಕಾಶವೂ ನಮಗೆ ಸಿಗಲಿಲ್ಲ.

ದುಡ್ಡಿಲ್ಲ ಅನ್ನುತ್ತಾರೆ. 2013ರ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆ ಕಾಯ್ದೆಯ ದುಡ್ಡು ಎಲ್ಲೆಲ್ಲಿಗೋ ಹರಿಯುತ್ತದಲ್ಲ. ಹಾಗೆ ಹರಿಸಲು ಕಿಂಡಿಯಾಗಿದ್ದ 7ಡಿ ಕಲಮನ್ನು 2023ರಲ್ಲಿ ತೆಗೆಯಬೇಕಾಯಿತು. ಆ ದುಡ್ಡಿನಲ್ಲಿ ಪ್ರತಿ ತಾಲ್ಲೂಕಿನಿಂದ ನಮ್ಮ ಹುಡುಗ ಹುಡುಗಿಯರನ್ನು ಆರಿಸಿ, ತಿಂಗಳ ಸಂಬಳ ಕೊಟ್ಟು, ಸರ್ಕಾರಕ್ಕೆ ಬೇಕಾದ ತಂತ್ರಾಂಶವನ್ನು ಮುಕ್ತವಾಗಿ ಬರೆಸಲಿ. ವಿದ್ಯಾರ್ಥಿವೇತನದ ಅರ್ಜಿ ಯಾಕೆ ನಿಂತಿತು ಎಂದು ಕನ್ನಡದಲ್ಲಿ ಹೇಳುವ ಪೋರ್ಟಲ್ಲನ್ನು ಆ ವೇತನಕ್ಕಾಗಿ ಅಲೆದವರೇ ಬರೆಯಲಿ. ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂದು ಕೇಂದ್ರ ಸರ್ಕಾರವೇ 2015ರಲ್ಲಿ ನೀತಿ ಹೊರಡಿಸಿದೆ. ನಾವು ಹೊಸದೇನೂ ಕೇಳುತ್ತಿಲ್ಲ.

ತಕ್ಷಣಕ್ಕೆ ಮಾಡಬಹುದಾದದ್ದು ಒಂದಿದೆ, ಹತ್ತು ರೂಪಾಯಿ ಖರ್ಚಿನದು; ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ತಾಲ್ಲೂಕಿನ ಎಷ್ಟು ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರುಗಳಿವೆ, ಅವುಗಳಲ್ಲಿ ಓಡುವುದೆಷ್ಟು, ಅವುಗಳಲ್ಲಿರುವ ತಂತ್ರಾಂಶ ಯಾವುದು, ಅದರ ಲೈಸೆನ್ಸಿಗೆ ಕೊಟ್ಟ ಹಣವೆಷ್ಟು, ಕೊಠಡಿಯ ಬೀಗದ ಕೈ ಯಾರ ಬಳಿ ಇದೆ, ಇಷ್ಟು ಕೇಳಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರುವಂತಿಲ್ಲ; ಮೇಲಿನದು ಅದಕ್ಕಿಂತ ಕಮ್ಮಿಯೇ ಆಗುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬಂದ ಉತ್ತರದ ಒಂದು ನಕಲು ಪತ್ರಿಕೆಗೆ ಕಳಿಸಿ, ಅಚ್ಚು ಹಾಕುತ್ತೇವೆ. ಟೈಪು ಮಾಡುವವರು ಯೂನಿಕೋಡಿನಲ್ಲಿ ಮಾಡಿ. ಕೈಯಲ್ಲಿ ಬರೆದರೂ ನಡೆಯುತ್ತದೆ.